ಓದದೆ ಬಿಟ್ಟ ಕಲ್ಲು

ನಾನು ಪ್ರೌಢಶಾಲೆಯಲ್ಲಿ ಓದಿದ ಊರು ದೊಡ್ಡದೇನೂ ಅಲ್ಲ. ಒಂದು ಪೇಟೆಬೀದಿ, ಒಂದು ಕೋಟೆಬೀದಿ, ಎರಡರ ನಡುವೆ ಸಂತೆಯ ಮೈದಾನ, ಅದರಾಚೆಗೆ ಕಬ್ಬಿಣದ ಬೇಲಿ ಹಾಕಿದ ಒಂದು ಪುಟ್ಟ ಉದ್ಯಾನ. ಇಷ್ಟರಲ್ಲಿ ಊರು ಮುಗಿಯುತ್ತಿತ್ತು. ಉದ್ಯಾನದ ನಡುವೆ ಹೆಂಚು ಹೊದಿಸಿದ, ಮೂರು ಕಡೆ ಜಗಲಿಯಿದ್ದ ಒಂದು ಸಣ್ಣ ಕಟ್ಟಡವಿತ್ತು. ಅದಕ್ಕೆ ಸ್ಮಾರಕ ಭವನವೆಂದು ಹೆಸರು. ಹೆಸರು ಹಾಗಿದ್ದರೂ ಊರಿನವರ ಬಾಯಲ್ಲಿ ಅದು ಪಾರ್ಕಿನ ಬಂಗಲೆ. ಸಂಜೆಯ ಹೊತ್ತು ಮುದುಕರು ಅದರ ಜಗಲಿಯ ಮೇಲೆ ಕುಳಿತು ವೃತ್ತಪತ್ರಿಕೆ ಓದುತ್ತಿದ್ದರು; ಮಳೆ ಬಂದರೆ ಸಂತೆಗೆ ಬಂದ ಹೆಂಗಸರು ಬುಟ್ಟಿಗಳೊಡನೆ ಅಲ್ಲಿಗೆ ಓಡಿಬರುತ್ತಿದ್ದರು; ಪರೀಕ್ಷೆ ಹತ್ತಿರವಾದಾಗ ನಮ್ಮಂಥ ಹುಡುಗರು ಮನೆಯ ಗದ್ದಲದಿಂದ ತಪ್ಪಿಸಿಕೊಂಡು ಅದೇ ಜಗಲಿಯ ಕಂಬಕ್ಕೊರಗಿ ಪಾಠ ಉರುಹೊಡೆಯುತ್ತಿದ್ದೆವು. ಬಾಗಿಲಿನ ಎಡಮಗ್ಗುಲಿಗೆ ಗೋಡೆಯಲ್ಲಿ ಒಂದು ಬಿಳಿಯ ಕಲ್ಲನ್ನು ಕೂರಿಸಿದ್ದರು. ಅದರ ಮೇಲೆ ಮೂರೋ ನಾಲ್ಕೋ ಸಾಲುಗಳ ಬರಹವಿತ್ತು.

ಬಹುಕಾಲದ ಮೇಲೆ ಈಚೆಗೆ ಆ ಊರಿಗೆ ಹೋಗಬೇಕಾಯಿತು. ಹೋದವನು ಹಳೆಯ ಅಭ್ಯಾಸದಂತೆ ಸಂಜೆ ಉದ್ಯಾನದ ಕಡೆ ಕಾಲೆಳೆದುಕೊಂಡು ನಡೆದೆ. ಬೇಲಿ ಹೊಸದಾಗಿದೆ, ಗಿಡಗಳಿಗೆ ನೀರು ಬರುತ್ತಿದೆ, ಮಕ್ಕಳಿಗೆ ಜಾರುಬಂಡೆಯಿದೆ. ಕಟ್ಟಡ ಮಾತ್ರ ಇಲ್ಲ. ಅದಿದ್ದ ಜಾಗದಲ್ಲಿ ಒಪ್ಪವಾಗಿ ಕತ್ತರಿಸಿದ ಹುಲ್ಲು ಹಾಸಿದೆ. ಕೊಳವೆ ಹಿಡಿದು ನೀರು ಬಿಡುತ್ತಿದ್ದ ಮಾಲಿಯನ್ನು, “ಇಲ್ಲೊಂದು ಕಟ್ಟಡ ಇತ್ತಲ್ಲ, ಏನಾಯಿತಪ್ಪ?” ಎಂದು ಕೇಳಿದೆ. ಆತ ನನ್ನನ್ನೂ ಹುಲ್ಲನ್ನೂ ಒಂದು ಕ್ಷಣ ನೋಡಿ, “ಯಾವ ಕಟ್ಟಡ ಸ್ವಾಮಿ? ನಾ ಕೆಲಸಕ್ಕೆ ಬಂದಾಗಿಂದ ಇಲ್ಲಿ ಇರೋದು ಈ ಹುಲ್ಲೇ” ಎಂದ. ಆತನ ಮಾತಿನಲ್ಲಿ ಸುಳ್ಳಿರಲಿಲ್ಲ.

ಅಲ್ಲಿಂದ ಹೊರಟು ಪೇಟೆಯಲ್ಲಿ ಹಳಬರೆನಿಸಿಕೊಂಡ ನಾಲ್ವರನ್ನು ವಿಚಾರಿಸಿದೆ. ಕಟ್ಟಡ ಬಿದ್ದುಹೋಯಿತೆಂದರು ಇಬ್ಬರು, ಬೀಳಿಸಿದರೆಂದರು ಒಬ್ಬರು, ನಾಲ್ಕನೆಯವರಿಗೆ ನೆನಪಿನಲ್ಲಿದ್ದುದು ಅದರ ಹೆಂಚು ಯಾರ ಮನೆಯ ಕೊಟ್ಟಿಗೆಗೆ ಹೋಯಿತೆಂಬುದು ಮಾತ್ರ. ಅದು ಯಾರ ಸ್ಮಾರಕವಾಗಿತ್ತೆಂದು ಕೇಳಿದಾಗ ನಾಲ್ವರೂ ನನ್ನ ಮುಖ ನೋಡಿದರು. ಅವರಲ್ಲೊಬ್ಬರು ನಗುತ್ತ, “ನೀವು ಓದಿದವರು, ಅಲ್ಲೇ ಕೂತು ಓದಿದವರು, ನಿಮಗೇ ಗೊತ್ತಿರಬೇಕು” ಎಂದರು.

ಆ ಮಾತು ಚುಚ್ಚಿತು. ಚುಚ್ಚಬೇಕಾದ ಮಾತೇ ಅದು. ನಾಲ್ಕು ವರ್ಷ ಆ ಕಂಬಕ್ಕೊರಗಿ ಕುಳಿತು ನಾನು ರೋಮನ್ ಚಕ್ರವರ್ತಿಗಳ ಹೆಸರುಗಳನ್ನೂ ಅವರು ಪಟ್ಟಕ್ಕೆ ಬಂದ ಇಸವಿಗಳನ್ನೂ ಬಾಯಿಪಾಠ ಮಾಡಿದ್ದೆ. ಬೆನ್ನ ಹಿಂದೆ ನಾಲ್ಕು ಮೊಳದ ದೂರದಲ್ಲಿ ನಮ್ಮೂರಿನವರು ನೆನಪಿಡಬೇಕೆಂದು ಕೊರೆಸಿದ ಹೆಸರೊಂದಿತ್ತು. ಅದನ್ನು ಒಂದು ದಿನವೂ ಎದ್ದು ನಿಂತು ಓದಲಿಲ್ಲ. ಕಟ್ಟಡವನ್ನು ಯಾರು ಕೆಡವಿದರೋ ಅವರ ಮೇಲೆ ಕೋಪಿಸಿಕೊಳ್ಳುವ ಹಕ್ಕು ನನಗಿದೆಯೆ ಎಂದು ಕೇಳಿಕೊಂಡರೆ ಇಲ್ಲವೆಂದೇ ಉತ್ತರ ಬರುತ್ತದೆ. ಅವರು ಗೋಡೆಯನ್ನು ಕೆಡವಿದರು. ಆ ಹೆಸರು ಅದಕ್ಕೆ ಮುಂಚೆಯೇ ನಮ್ಮ ಕಣ್ಣೆದುರಿನಲ್ಲಿ ಅಳಿದುಹೋಗಿತ್ತು.

ಇದು ಒಂದು ಊರಿನ, ಒಬ್ಬನ ಕಥೆಯಾಗಿದ್ದರೆ ಓದುಗರ ಭಾನುವಾರದ ಬಿಡುವನ್ನು ನಾನು ಕಳೆಯುತ್ತಿರಲಿಲ್ಲ. ಆದರೆ ಚಿಕ್ಕ ಊರಿನ ಪುರಸಭೆಯ ಉದ್ಯಾನದಲ್ಲಿ ಆದುದೇ ರಾಜಧಾನಿಯ ಲಾಲ್‌ಬಾಗಿನಲ್ಲಿಯೂ ಆಗಿದೆ. ಅಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಒಂದು ಉಪನ್ಯಾಸ ಮಂದಿರವಿತ್ತು. ಮುಂಭಾಗದಲ್ಲಿ ಗ್ರೀಕರ ದೇವಾಲಯಗಳನ್ನು ನೆನಪಿಗೆ ತರುವ ತ್ರಿಕೋನಾಕಾರದ ಮುಡಿ. ಒಳಗೆ ತೋಟಗಾರಿಕೆಯನ್ನು ಕುರಿತ ಪಾಠಗಳು, ಉಪನ್ಯಾಸಗಳು. ಮುಂದೆ ಅದಕ್ಕೆ ಕೃಂಬಿಗಲ್ ಸಭಾಂಗಣವೆಂದು ಹೆಸರಾಯಿತು. ಹೀಗೆ ಪಾಠಶಾಲೆಯಾಗಿ ಹುಟ್ಟಿದ ಕಟ್ಟಡ ಒಬ್ಬ ತೋಟಗಾರನ ಸ್ಮಾರಕವಾಗಿ ಬಾಳಿತು. ಬಹಳ ವರ್ಷ ಬೀಗ ಬಿದ್ದು, ಗೋಡೆ ಬಿರಿದು, ಮಳೆಗೆ ಕುಸಿದು, ಕಡೆಗೆ 2017ರ ನವೆಂಬರ್ ತಿಂಗಳಲ್ಲಿ ಅದನ್ನು ಪೂರ್ತಿಯಾಗಿ ನೆಲಸಮ ಮಾಡಲಾಯಿತು. ಕೆಲವು ದಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಬಲ್ಲವರು ವ್ಯಸನಪಟ್ಟರು. ಆಮೇಲೆ ಎಂದಿನಂತೆ ಫಲಪುಷ್ಪ ಪ್ರದರ್ಶನ ಬಂತು, ಜನ ಗಾಜಿನ ಮನೆಯ ಮುಂದೆ ಸಾಲುಗಟ್ಟಿದರು.

ಆ ಹೆಸರಿನ ಮನುಷ್ಯ ಯಾರು? ಗುಸ್ಟಾಫ್ ಹರ್ಮನ್ ಕೃಂಬಿಗಲ್ 1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಸಮೀಪದಲ್ಲಿ ಹುಟ್ಟಿದವರು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡೆಯ ಗಾಯಕವಾಡರ ಸೇವೆಗೆ ಬಂದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಅಲ್ಲಿಯವರೆಗೆ ಮೂರು ದಶಕಕ್ಕೂ ಹೆಚ್ಚು ಕಾಲ ಲಾಲ್‌ಬಾಗನ್ನು ನೋಡಿಕೊಂಡಿದ್ದ ಜಾನ್ ಕ್ಯಾಮೆರಾನರ ಸ್ಥಾನವನ್ನು ವಹಿಸಿಕೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ ಅದು. ಸಂಸ್ಥಾನದ ಉದ್ಯಾನಗಳಿಗೆ, ರಸ್ತೆಗಳ ಸಾಲುಮರಗಳಿಗೆ, ಹಣ್ಣಿನ ತೋಟಗಳಿಗೆ ಅವರ ಕೈ ತಗಲಿತು. ಒಂದು ಜಾತಿಯ ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿಯ ಹೂ ಅರಳಬೇಕು, ಹೀಗೆ ಊರಿನ ಬೀದಿಗಳಲ್ಲಿ ವರ್ಷವೆಲ್ಲ ಬಣ್ಣ ತಪ್ಪಬಾರದು ಎಂದು ಮರಗಳನ್ನು ಆರಿಸಿ ನೆಡಿಸಿದರೆಂದು ಬೆಂಗಳೂರಿನವರು ಇಂದಿಗೂ ಹೇಳುತ್ತಾರೆ. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನ ರೂಪುಗೊಂಡಾಗಲೂ ಅವರ ವಿದ್ಯೆ ಒದಗಿಬಂತು. 1932ರಲ್ಲಿ ಅವರು ನಿವೃತ್ತರಾದ ಮೇಲೆ ಆ ಸ್ಥಾನಕ್ಕೆ ಬಂದವರು ಎಚ್. ಸಿ. ಜವರಾಯರು. ಕೃಂಬಿಗಲ್ಲರು ತಾಯ್ನಾಡಿಗೆ ಮರಳಲಿಲ್ಲ. ಎರಡು ಮಹಾಯುದ್ಧಗಳಲ್ಲಿ ತಾಯ್ನಾಡು ಸೋತುದನ್ನು ದೂರದಿಂದ ಕಂಡು, 1956ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಅವರ ಸಮಾಧಿ ಹೊಸೂರು ರಸ್ತೆಯ ಸ್ಮಶಾನದಲ್ಲಿದೆ.

ಇಲ್ಲಿ ಒಂದು ಆಕ್ಷೇಪ ಬರುವುದುಂಟು, ಅದು ಹಗುರವಾದುದಲ್ಲ. ತೋಟಗಾರನಿಗೆ ತೋಟವೇ ಸ್ಮಾರಕ; ಮರಗಳಿರುವಾಗ ಇಟ್ಟಿಗೆಯ ಕಟ್ಟಡವೊಂದು ಹೋದರೆ ಆತನಿಗೇನು ನಷ್ಟ ಎಂದು ಕೆಲವರು ಕೇಳುತ್ತಾರೆ. ಕೃಂಬಿಗಲ್ಲರಿಗೆ ನಷ್ಟವೇನೂ ಇಲ್ಲ. ಸತ್ತವರಿಗೆ ನಮ್ಮ ನೆನಪಿನಿಂದ ಆಗಬೇಕಾದುದು ಏನಿದೆ? ನಷ್ಟವೆಲ್ಲ ನಮ್ಮದು. ಮರ ನೆರಳು ಕೊಡುತ್ತದೆ, ಹೂ ಕೊಡುತ್ತದೆ, ಆದರೆ ತನ್ನನ್ನು ನೆಟ್ಟವರು ಯಾರೆಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದುದು ಭಾಷೆ. ಆ ಭಾಷೆಗೆ ನಿಲ್ಲಲು ಒಂದು ನೆಲೆ ಬೇಕು, ಬಾಗಿಲ ಮೇಲೆ ಬರೆದ ಒಂದು ಹೆಸರು, ಗೋಡೆಯಲ್ಲಿ ಕೂರಿಸಿದ ಒಂದು ಕಲ್ಲು, ಮಗುವೊಂದು “ಇದು ಯಾರಪ್ಪಾ?” ಎಂದು ಕೇಳಲು ಒಂದು ನೆಪ. ಲಾಲ್‌ಬಾಗಿನ ಪಕ್ಕದ ರಸ್ತೆಗೆ ಇಂದಿಗೂ ಕೃಂಬಿಗಲ್ ರಸ್ತೆಯೆಂದೇ ಹೆಸರು. ಆದರೆ ರಸ್ತೆಯ ಹೆಸರು ವಿಳಾಸಕ್ಕಾಗುವಷ್ಟು ಸ್ಮರಣೆಗೆ ಆಗದು. ಅಂಚೆಯವನು ಅದನ್ನು ದಿನಕ್ಕೆ ನೂರು ಸಲ ಓದುತ್ತಾನೆ. ಒಂದು ಸಲವೂ ಅದು ಮನುಷ್ಯನ ಹೆಸರೆಂದು ತೋರದೆ ಹೋಗಬಹುದು. ಅಲ್ಲದೆ ಬಿದ್ದುಹೋದ ಆ ಮಂದಿರದಲ್ಲಿ ತೋಟದ ವಿದ್ಯೆಯನ್ನು ಕಲಿಸುತ್ತಿದ್ದರು ಎಂಬುದನ್ನು ಮರೆಯಬಾರದು. ಮರಗಳು ಆ ವಿದ್ಯೆಯ ಫಲ. ಫಲ ನಮ್ಮ ಪಾಲಿಗೆ ಉಳಿಯಿತು, ಪಾಠದ ಮನೆ ಉಳಿಯಲಿಲ್ಲ.

ಇದೇ ಬೆಂಗಳೂರಿನಲ್ಲಿ ಇದಕ್ಕಿಂತ ಅರ್ಧ ಶತಮಾನ ಮುಂಚೆ ಇನ್ನೊಂದು ಸ್ಮಾರಕ ಇಲ್ಲವಾಯಿತು; ಅದು ಹೋದ ಬಗೆಯೇ ಬೇರೆ. 1791ರ ಮಾರ್ಚ್ 7ರಂದು ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರಿನ ಪೇಟೆಯನ್ನೂ, ಅದೇ ತಿಂಗಳು 21ರ ರಾತ್ರಿ ಕೋಟೆಯನ್ನೂ ಹಿಡಿಯಿತು. ಪೇಟೆಯ ಬಾಗಿಲಲ್ಲಿ ಆ ಕಡೆಯ ಕರ್ನಲ್ ಮೂರ್‌ಹೌಸ್ ಸತ್ತ. ಕೋಟೆಯ ಒಡಕಿನಲ್ಲಿ ಟಿಪ್ಪುವಿನ ಕಿಲ್ಲೇದಾರ ಬಹಾದುರ್ ಖಾನ್ ಹೋರಾಡುತ್ತ ಮಡಿದ. ಆ ಯುದ್ಧದಲ್ಲಿ ಸತ್ತ ಕಂಪನಿಯ ಸೈನ್ಯದವರ ನೆನಪಿಗೆ ಎತ್ತರವಾದ ಒಂದು ಕಂಬವನ್ನು ನಿಲ್ಲಿಸಿದ್ದರು. ಅದರ ಇಂಗ್ಲಿಷ್ ಹೆಸರಿನಿಂದಲೇ ಆ ರಸ್ತೆಯನ್ನು ಸೆನೊಟಾಫ್ ರಸ್ತೆ ಎಂದು ಕರೆಯುತ್ತಿದ್ದರು. ಈಗ ಅದು ನೃಪತುಂಗ ರಸ್ತೆ. ನಾಡು ಸ್ವತಂತ್ರವಾಗಿ ಹದಿನೇಳು ವರ್ಷಗಳಾದ ಮೇಲೆ, ನಮ್ಮನ್ನು ಗೆದ್ದವರ ಜಯಸ್ತಂಭ ನಮ್ಮ ಊರಿನ ನಡುವೆ ಏಕಿರಬೇಕೆಂದು ಜನ ಕೇಳಿದರು. ಚಳವಳಿಯಾಯಿತು. 1964ರಲ್ಲಿ ಆ ಕಂಬವನ್ನು ತೆಗೆದುಹಾಕಿದರು.

ಅದು ಸರಿಯೋ ತಪ್ಪೋ ಎಂಬ ಚರ್ಚೆ ಅಂದೂ ಇತ್ತು, ಇಂದೂ ಇದೆ. ನಮ್ಮ ನೆಲದಲ್ಲಿ ನಮ್ಮವರನ್ನು ಕೊಂದವರಿಗೆ ನಾವು ದಿನವೂ ತಲೆಬಾಗಿ ನಡೆಯಬೇಕೆಂದು ಯಾರೂ ಹೇಳಲಾರರು. ಆದರೆ ಕಂಬವನ್ನು ಕೆಡವಿದ ಮಾತ್ರಕ್ಕೆ 1791 ಅಳಿಸಿಹೋಗುವುದಿಲ್ಲ. ಬೆಂಗಳೂರಿನ ಕೋಟೆಯ ಉಳಿದ ಗೋಡೆಯಲ್ಲಿ, ಆಂಗ್ಲರು ಒಳನುಗ್ಗಿದ ಒಡಕು ಇದೇ ಎಂದು ತಿಳಿಸುವ ಕಲ್ಲು ಇಂದಿಗೂ ಇದೆ. ಅದನ್ನು ಓದಿದವನಿಗೆ ಆಂಗ್ಲರ ಗೆಲವು ಮಾತ್ರವೇ ನೆನಪಾಗುವುದೆಂದು ಹೇಳುವಂತಿಲ್ಲ. ಆ ಒಡಕಿಗೆ ಎದೆಗೊಟ್ಟು ನಿಂತ ಕಿಲ್ಲೇದಾರನೂ ನೆನಪಾಗುತ್ತಾನೆ. ಗೆದ್ದವನು ತನ್ನ ಹೆಮ್ಮೆಗೆ ಕೊರೆಸಿದ ಕಲ್ಲೂ ಕಾಲಾಂತರದಲ್ಲಿ ಸೋತವನ ಪರವಾಗಿ ಸಾಕ್ಷಿ ನುಡಿಯಬಲ್ಲದು. ಈ ಕಾರಣದಿಂದ ನಾನು 1964ರಲ್ಲಿ ಇದ್ದಿದ್ದರೆ ಕಂಬ ಇರಲಿ, ಅದರ ಪಕ್ಕದಲ್ಲಿ ನಮ್ಮವರ ಕಲ್ಲೊಂದು ನಿಲ್ಲಲಿ ಎನ್ನುತ್ತಿದ್ದೆನೇನೋ. ಇರಲಿ. ಆ ಕಂಬವನ್ನು ತೆಗೆದವರ ಬಗ್ಗೆ ಒಂದು ಮಾತನ್ನು ಮಾತ್ರ ಒಪ್ಪಲೇಬೇಕು: ಅವರು ಅದನ್ನು ಓದಿದ್ದರು. ಅದರಲ್ಲಿ ಏನಿದೆ, ಅದು ಯಾರಿಗಾಗಿ ನಿಂತಿದೆ ಎಂಬುದನ್ನು ತಿಳಿದೇ ಬೇಡವೆಂದರು. ಅವರು ಸ್ಮಾರಕದೊಡನೆ ಜಗಳವಾಡಿದರು; ಅರ್ಥವಾಗದೆ ಇದ್ದುದರೊಡನೆ ಯಾರೂ ಜಗಳವಾಡುವುದಿಲ್ಲ.

ಮೂರನೆಯ ಬಗೆಯೊಂದುಂಟು, ಅದನ್ನು ಕಾನ್ಪುರದಲ್ಲಿ ಕಾಣಬಹುದು. 1857ರ ಜುಲೈ 15ರಂದು ಅಲ್ಲಿಯ ಬೀಬಿಘರಿನಲ್ಲಿ ಸೆರೆಯಲ್ಲಿದ್ದ ಆಂಗ್ಲ ಹೆಂಗಸರನ್ನೂ ಮಕ್ಕಳನ್ನೂ ಕೊಂದು ಶವಗಳನ್ನು ಬಾವಿಗೆ ಹಾಕಿದರು. ಊರನ್ನು ಮರಳಿ ಹಿಡಿದ ಆಂಗ್ಲರು ತೀರಿಸಿಕೊಂಡ ಸೇಡೂ ಅಷ್ಟೇ ಭೀಕರವಾದುದು. ಆಮೇಲೆ ಆ ಬಾವಿಯ ಮೇಲೆ ಮಾರೊಚೆಟ್ಟಿ ಎಂಬ ಶಿಲ್ಪಿ ಕಡೆದ ಅಮೃತಶಿಲೆಯ ದೇವದೂತೆಯ ಪ್ರತಿಮೆಯನ್ನು ನಿಲ್ಲಿಸಿ, ಸುತ್ತಲೂ ಹೆನ್ರಿ ಯೂಲ್ ರೂಪಿಸಿದ ಕೆತ್ತನೆಯ ಕಲ್ಲುಗೋಡೆಯನ್ನು ಕಟ್ಟಿ, ದೊಡ್ಡದೊಂದು ಉದ್ಯಾನವನ್ನು ಮಾಡಿದರು. ಆ ಬಾವಿಯ ಆವರಣದೊಳಗೆ ಭಾರತೀಯರು ಕಾಲಿಡುವಂತಿರಲಿಲ್ಲ. ತಮ್ಮ ಊರಿನ ಉದ್ಯಾನದಲ್ಲಿ ತಮಗೇ ಪ್ರವೇಶವಿಲ್ಲದ ಸ್ಮಾರಕವನ್ನು ಕಂಡು ಮೂರು ತಲೆಮಾರು ಏನೆಂದುಕೊಂಡಿತೋ ಊಹಿಸಬಹುದು. ಸ್ವಾತಂತ್ರ್ಯ ಬಂದ ಮೇಲೆ ದೇವದೂತೆಯನ್ನೂ ಕಲ್ಲಿನ ಕೆತ್ತನೆಯನ್ನೂ ಅಲ್ಲಿಂದ ತೆಗೆದರು, ಆದರೆ ಪುಡಿಮಾಡಲಿಲ್ಲ. ಊರಿನ ಇನ್ನೊಂದು ಕಡೆ ಇರುವ ಆಂಗ್ಲರ ಸ್ಮಾರಕ ಚರ್ಚಿನ ಅಂಗಳಕ್ಕೆ ಸಾಗಿಸಿದರು. ಇಂದಿಗೂ ಅವು ಅಲ್ಲಿವೆ. ಉದ್ಯಾನಕ್ಕೆ ನಾನಾರಾವ್ ಪೇಶ್ವೆಯ ಹೆಸರು ಬಂತು. ತಾತ್ಯಾ ಟೋಪೆಯ ಪ್ರತಿಮೆ ನಿಂತಿತು. ಊರು ತನ್ನ ನೆಲವನ್ನು ತಾನು ಪಡೆಯಿತು, ಸತ್ತ ಮಕ್ಕಳ ನೆನಪನ್ನು ಆ ಮಕ್ಕಳಿಗಾಗಿ ಪ್ರಾರ್ಥಿಸುವವರ ಅಂಗಳಕ್ಕೆ ಒಪ್ಪಿಸಿತು. ಇದರಲ್ಲಿ ಒಂದು ವಿವೇಕವಿದೆ.

ಈಗ ಮೂರನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿ. ಒಂದು ಸ್ಮಾರಕವನ್ನು ಬೇಡವೆಂದು ಕೆಡವಿದರು. ಒಂದನ್ನು ಬೇರೆಡೆಗೆ ಸಾಗಿಸಿದರು. ಒಂದು ನೋಡುವವರಿಲ್ಲದೆ ಬಿತ್ತು. ಲೋಕರೂಢಿಯಲ್ಲಿ ನಾವು ಕೆಡವುವುದನ್ನು ಘೋರವೆಂದೂ ಬೀಳುವುದನ್ನು ಸಹಜವೆಂದೂ ತಿಳಿಯುತ್ತೇವೆ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿದೆ. ಕೆಡವಿದಲ್ಲಿ ಒಂದು ತೀರ್ಮಾನವಿದೆ. ತೀರ್ಮಾನ ತಪ್ಪಾಗಿದ್ದರೆ ಮುಂದಿನವರು ಅದನ್ನು ಪ್ರಶ್ನಿಸಬಹುದು, ತಿದ್ದಬಹುದು. ಕೆಡವಿದ ಇಸವಿಯೂ ಕಾರಣವೂ ಚರಿತ್ರೆಯಲ್ಲಿ ಸೇರುತ್ತವೆ. ಉಪೇಕ್ಷೆಗೆ ಇಸವಿಯಿಲ್ಲ, ಕಾರಣವಿಲ್ಲ, ಕರ್ತೃವಿಲ್ಲ. ಹೆಂಚು ಒಡೆದಾಗ ಹಾಕಿಸಬೇಕಾದವರು ಒಬ್ಬರು, ನೀರಿಳಿದಾಗ ನೋಡಬೇಕಾದವರು ಇನ್ನೊಬ್ಬರು, ಬಿರುಕು ಬಿಟ್ಟಾಗ ಎಚ್ಚರಿಸಬೇಕಾದವರು ಮತ್ತೊಬ್ಬರು. ಕಡೆಗೆ ಅಪಾಯದ ಕಟ್ಟಡವೆಂದು ಫಲಕ ಹಾಕಿ ಕೆಡವುವವನು ಬರುವಾಗ ಆತನದೇನೂ ತಪ್ಪಿರುವುದಿಲ್ಲ. ಎಲ್ಲರೂ ನಿರ್ದೋಷಿಗಳಾಗಿ ಉಳಿದು ಕಟ್ಟಡ ಮಾತ್ರ ಹೋಗುತ್ತದೆ. ನಮ್ಮೂರಿನ ಬಂಗಲೆ ಹೋದುದೂ ಹೀಗೆಯೇ ಇರಬೇಕು. ಆದ್ದರಿಂದಲೇ ನಾಲ್ವರನ್ನು ಕೇಳಿದರೆ ಮೂರು ಕಥೆ ಹುಟ್ಟಿತು.

ನಮ್ಮ ಪೂರ್ವಿಕರು ಈ ವಿಷಯವನ್ನು ನಮಗಿಂತ ಚೆನ್ನಾಗಿ ಯೋಚಿಸಿದ್ದರೆಂದು ತೋರುತ್ತದೆ. ನಮ್ಮ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯ ಶ್ಲೋಕಗಳು ಪರಿಚಿತವಾಗಿವೆ. ಚಂದ್ರಸೂರ್ಯರಿರುವವರೆಗೆ ಈ ಧರ್ಮ ನಡೆಯಲಿ ಎಂಬ ಹಾರೈಕೆ ಅಲ್ಲಿರುತ್ತದೆ. ಇದನ್ನು ಅಳಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟಲಿ ಎಂಬ ಶಾಪವೂ ಇರುತ್ತದೆ. ಪಾಠ ಹೇಳುವಾಗ ನಾವು ಸಾಮಾನ್ಯವಾಗಿ ಈ ಶಾಪವನ್ನೇ ಎತ್ತಿ ಹೇಳಿ ವಿದ್ಯಾರ್ಥಿಗಳನ್ನು ನಗಿಸುತ್ತೇವೆ. ಅದರ ಜೊತೆಯಲ್ಲಿ ಬರುವ ಇನ್ನೊಂದು ಶ್ಲೋಕದ ತಾತ್ಪರ್ಯವನ್ನು ಅಷ್ಟಾಗಿ ಗಮನಿಸುವುದಿಲ್ಲ: ದಾನ ಮಾಡುವುದು, ಮಾಡಿದ ದಾನವನ್ನು ಕಾಪಾಡುವುದು, ಇವೆರಡರಲ್ಲಿ ಕಾಪಾಡುವುದೇ ಮೇಲು ಎಂಬುದು ಅದರ ಅರ್ಥ. ಕಲ್ಲು ನೆಡಿಸಿದ ದೊರೆ ತಾನೇ ದಾನಿಯಾಗಿದ್ದೂ ತನಗಿಂತ ಕಾಪಾಡುವವನನ್ನು ದೊಡ್ಡವನೆಂದು ಅದೇ ಕಲ್ಲಿನಲ್ಲಿ ಬರೆಸಿದ. ಇಂದು ಶಂಕುಸ್ಥಾಪನೆಯ ಕಲ್ಲುಗಳಿಗೇನೂ ಬರಗಾಲವಿಲ್ಲ. ಪ್ರತಿಯೊಂದು ಸೇತುವೆಗೆ, ಪ್ರತಿಯೊಂದು ಶೌಚಾಲಯಕ್ಕೆ ಉದ್ಘಾಟಕರ ಹೆಸರು ಅಚ್ಚುಕಟ್ಟಾಗಿ ಕೊರೆದಿರುತ್ತದೆ. ಕಾಪಾಡಿದವನ ಹೆಸರು ಕೊರೆದ ಕಲ್ಲನ್ನು ನಾನಂತೂ ಕಂಡಿಲ್ಲ.

ಆದರೂ ಕಲ್ಲೂ ಚಂದ್ರಸೂರ್ಯರವರೆಗೆ ಬಾಳುವುದಿಲ್ಲ. ಬಾಳುವುದು ಓದಿದ ಕಲ್ಲು ಮಾತ್ರ. ಹಲ್ಮಿಡಿಯ ಶಾಸನ ಸುಮಾರು ಕ್ರಿ. ಶ. 450ರದು ಎನ್ನುತ್ತಾರೆ. ಬೇಲೂರು ತಾಲ್ಲೂಕಿನ ಆ ಚಿಕ್ಕ ಹಳ್ಳಿಯಲ್ಲಿ ಅದು ಎಷ್ಟು ತಲೆಮಾರುಗಳ ಕಣ್ಣೆದುರಿಗೆ ನಿಂತಿತ್ತೋ! 1936ರಲ್ಲಿ ಎಂ. ಎಚ್. ಕೃಷ್ಣ ಅವರು ಅದನ್ನು ಗುರುತಿಸಿ ಓದಿದ ದಿನ, ಒಂದು ಹಳ್ಳಿಯ ಕಲ್ಲು ಇಡೀ ಕನ್ನಡಕ್ಕೆ ಸೇರಿದ ಕಲ್ಲಾಯಿತು. ಬೇಗೂರಿನ ದೇವಸ್ಥಾನದಲ್ಲಿರುವ, ಸುಮಾರು 890ರ ವೀರಗಲ್ಲಿನ ಬರಹದಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಅದನ್ನು ಓದುವವರೆಗೆ ಬೆಂಗಳೂರಿನ ಹೆಸರಿಗೆ ಬೆಂದ ಕಾಳಿನ ಕಥೆಯೊಂದೇ ಗತಿಯಾಗಿತ್ತು. ಓದಿದ ಮೇಲೆ, ಆ ಕಥೆಯ ದೊರೆಗಿಂತ ಮುಂಚೆಯೇ ಈ ಹೆಸರಿತ್ತೆಂಬುದು ತಿಳಿಯಿತು. ಯಾವನೋ ಒಬ್ಬ ಯೋಧ ಮಡಿದನೆಂದು ನಿಲ್ಲಿಸಿದ ಕಲ್ಲು, ಸಾವಿರ ವರ್ಷಗಳ ಮೇಲೆ ಒಂದು ನಗರದ ಹೆಸರಿನ ಪ್ರಾಚೀನತೆಗೆ ಸಾಕ್ಷಿಯಾಯಿತು. ಸ್ಮಾರಕವನ್ನು ನಿಲ್ಲಿಸುವವನಿಗೆ ಅದು ಮುಂದೆ ಏನನ್ನು ಹೇಳುವುದೋ ಗೊತ್ತಿರುವುದಿಲ್ಲ, ಕೆಡವುವವನಿಗೂ ಗೊತ್ತಿರುವುದಿಲ್ಲ.

ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಅವರು ಈ ಸತ್ಯವನ್ನು ಅರಿತಿದ್ದರು. ಹಳ್ಳಿ ಹಳ್ಳಿಗೆ ಜನರನ್ನು ಕಳುಹಿಸಿ, ತಾವೂ ಅಲೆದು, ಹೊಲದ ಬದುವಿನಲ್ಲಿ, ಕೆರೆಯ ತೂಬಿನಲ್ಲಿ, ಗುಡಿಯ ಹೊಸ್ತಿಲಲ್ಲಿ ಸಿಕ್ಕಿದ ಶಾಸನಗಳನ್ನೆಲ್ಲ ಪ್ರತಿ ಮಾಡಿಸಿದರು. ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟ, ಕೊಡಗಿನ ಶಾಸನಗಳದು, 1886ರಲ್ಲಿ ಹೊರಬಂತು. ಮುಂದಿನ ಸಂಪುಟಗಳೂ ಸೇರಿ ಸುಮಾರು ಒಂಬತ್ತು ಸಾವಿರ ಶಾಸನಗಳು ಬೆಳಕು ಕಂಡವು. ಆ ಬಳಿಕ ಅವುಗಳಲ್ಲಿ ಎಷ್ಟೋ ಕಲ್ಲುಗಳು ಒಡೆದವು, ಹೂತವು, ಮನೆಗಳ ತಳಪಾಯಕ್ಕೆ ಹೋದವು. ಕಲ್ಲು ಹೋದರೂ ಮಾತು ಹೋಗಲಿಲ್ಲ, ಏಕೆಂದರೆ ಒಬ್ಬರು ಅದನ್ನು ಓದಿ ಬರೆದಿಟ್ಟಿದ್ದರು. ಹೀಗೆ ಸಾವಿರ ವರ್ಷದ ಹಿಂದಿನ ಊರಗೌಡನೊಬ್ಬ ಯಾವ ಹಸುಗಳನ್ನು ಬಿಡಿಸಲು ಹೋಗಿ ಸತ್ತನೆಂಬುದು ನಮಗೆ ತಿಳಿದಿದೆ. ನಮ್ಮ ಅಜ್ಜಂದಿರ ಕಾಲದಲ್ಲಿ ನಮ್ಮ ಊರಿನ ಪಾರ್ಕಿನಲ್ಲಿ ಯಾರ ಹೆಸರಿಗೆ ಭವನ ಕಟ್ಟಿದರೆಂಬುದು ತಿಳಿಯದು. ಪ್ರಾಚೀನವಾದುದಕ್ಕೆ ಇಲಾಖೆಯುಂಟು, ಕಾಯಿದೆಯುಂಟು, ವಿದ್ವಾಂಸರುಂಟು. ನೂರು ವರ್ಷದ ಹಳಮೆ ಯಾರಿಗೂ ಸೇರದ ಅನಾಥ ಶಿಶು. ಅದು ಪುರಾತನವೆನಿಸಲು ಸಾಲದು, ಹೊಸದಾಗಿ ಉಳಿಯಲಾರದು.

ಹಾಗೆಂದು ಎಲ್ಲ ಹಳೆಯ ಕಟ್ಟಡಗಳನ್ನೂ ಉಳಿಸಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಊರು ಬೆಳೆಯುತ್ತದೆ, ಮಕ್ಕಳಿಗೆ ಜಾರುಬಂಡೆ ಬೇಕು, ಪುರಸಭೆಯ ಬೊಕ್ಕಸ ಅಕ್ಷಯಪಾತ್ರೆಯಲ್ಲ. ನಮ್ಮ ಸಣ್ಣ ಊರುಗಳ ಸ್ಮಾರಕಗಳಲ್ಲಿ ಅಧಿಕಾರಿಗಳ ಮೆಚ್ಚುಗೆಗಾಗಿ ಕಟ್ಟಿದವೂ ಇದ್ದಾವು. ಎಲ್ಲ ಹೆಸರುಗಳೂ ಪೂಜ್ಯವೆನ್ನಲಾಗದು. ಕೆಡವಿ ಮತ್ತೆ ಅದೇ ಮಾದರಿಯಲ್ಲಿ ಕಟ್ಟುತ್ತೇವೆಂಬ ಸಮಾಧಾನದ ಮಾತೂ ನನಗೆ ರುಚಿಸುವುದಿಲ್ಲ. ಹೊಸ ಸಿಮೆಂಟಿಗೆ ಹಳೆಯ ವೇಷ ಹಾಕಿದರೆ ಕಣ್ಣಿಗೆ ಸಮಾಧಾನವಾಗಬಹುದು, ನೆನಪಿಗೆ ಆಗದು. ನಾನು ಕೇಳುವುದು ಬಹಳ ಸಣ್ಣದು. ಒಂದು ಕಟ್ಟಡ ಹೋಗಲೇಬೇಕಾದರೆ ಹೋಗುವ ಮುಂಚೆ ಅದರ ಮೇಲಿರುವ ಬರಹವನ್ನು ಯಾರಾದರೂ ಓದಿ ಪ್ರತಿ ಮಾಡಿಕೊಳ್ಳಲಿ. ಒಂದು ಚಿತ್ರ ತೆಗೆಯಲಿ. ಏಕೆ ತೆಗೆಯುತ್ತಿದ್ದೇವೆಂಬುದನ್ನು ಊರಿಗೆ ತಿಳಿಯುವಂತೆ ಬರೆದು ಅಂಟಿಸಲಿ. ಬರಹವಿದ್ದ ಕಲ್ಲನ್ನು ಮಾತ್ರ ಇಟ್ಟಿಗೆಯೊಡನೆ ಮಾರದೆ ಊರಿನ ಗ್ರಂಥಾಲಯದ ಗೋಡೆಗೋ ಶಾಲೆಯ ಅಂಗಳಕ್ಕೋ ಸೇರಿಸಲಿ. ಇದಕ್ಕೆ ಸರಕಾರದ ಅನುದಾನ ಬೇಕಿಲ್ಲ. ಒಂದು ಅರ್ಧ ದಿನ ಸಾಕು.

ಈ ಕೆಲಸವನ್ನು ನಾನು ಉಪಾಧ್ಯಾಯರ ಮತ್ತು ವಿದ್ಯಾರ್ಥಿಗಳ ಮುಂದೆ ಇಡುತ್ತೇನೆ, ಏಕೆಂದರೆ ತಪ್ಪಿದವನು ನಾನು ವಿದ್ಯಾರ್ಥಿಯಾಗಿದ್ದಾಗ ತಪ್ಪಿದೆ. ಚರಿತ್ರೆಯ ಪಾಠವೆಂದರೆ ದೂರದೂರಿನ ದೊರೆಗಳ ಪಾಠವೆಂದು ನನಗೆ ಆಗ ತೋರಿತ್ತು. ಹಾಗಲ್ಲವೆಂದು ಯಾರೂ ಹೇಳಲಿಲ್ಲ. ಪ್ರತಿಯೊಂದು ಊರಿನ ಪ್ರೌಢಶಾಲೆಯಲ್ಲಿ ಒಂದು ದಪ್ಪ ನೋಟುಪುಸ್ತಕ ಇರಲಿ. ವರ್ಷಕ್ಕೊಮ್ಮೆ ಹತ್ತು ಮಂದಿ ಹುಡುಗ ಹುಡುಗಿಯರು ಅದನ್ನು ಹಿಡಿದುಕೊಂಡು ಊರು ಸುತ್ತಲಿ. ಉದ್ಯಾನದ ಮಂಟಪ, ಆಸ್ಪತ್ರೆಯ ಹಳೆಯ ವಾರ್ಡು, ಛತ್ರದ ಬಾಗಿಲು, ನೀರಿನ ತೊಟ್ಟಿ, ಸೇತುವೆಯ ಕಟ್ಟೆ, ಸ್ಮಶಾನದ ಗೋಡೆ, ಎಲ್ಲೆಲ್ಲಿ ಹೆಸರು ಕೊರೆದಿದೆಯೋ ಅಲ್ಲಲ್ಲಿ ನಿಂತು, ಇದ್ದುದನ್ನು ಇದ್ದಂತೆ, ತಪ್ಪಿದ್ದರೆ ತಪ್ಪನ್ನೂ ಬಿಡದೆ ಬರೆದುಕೊಳ್ಳಲಿ. ಆ ಹೆಸರಿನವರು ಯಾರೆಂದು ಮನೆಯ ಹಿರಿಯರನ್ನು ಕೇಳಲಿ. ಹಿರಿಯರು ಹೇಳಿದುದನ್ನು ಪಕ್ಕದ ಪುಟದಲ್ಲಿ ಬರೆಯಲಿ. ಇಪ್ಪತ್ತು ವರ್ಷ ಹೀಗೆ ನಡೆದರೆ ಆ ನೋಟುಪುಸ್ತಕಕ್ಕೆ ಸಮನಾದ ಊರಿನ ಚರಿತ್ರೆ ಬೇರೊಂದಿರಲಾರದು. ಶಾಸನದ ಲಿಪಿಯನ್ನು ಓದಲು ವಿದ್ವಾಂಸರೇ ಬೇಕು. ನಮ್ಮ ಕಾಲದ ಕಲ್ಲನ್ನು ಓದಲು ಅಕ್ಷರ ಬಲ್ಲವನು ಎದ್ದು ನಾಲ್ಕು ಹೆಜ್ಜೆ ನಡೆದರೆ ಸಾಕು.

ಊರಿನಿಂದ ಹೊರಡುವ ದಿನ ಬೆಳಗ್ಗೆ ಮತ್ತೊಮ್ಮೆ ಉದ್ಯಾನಕ್ಕೆ ಹೋದೆ. ಮಾಲಿ ನನ್ನನ್ನು ಗುರುತಿಸಿ ಹತ್ತಿರ ಬಂದ. ಹಿಂದಿನ ಸಂಜೆಯ ನನ್ನ ಪ್ರಶ್ನೆ ಆತನ ತಲೆಯಲ್ಲಿ ಉಳಿದಿತ್ತೆಂದು ಕಾಣುತ್ತದೆ. “ನೀವು ಕೇಳಿದ ಮೇಲೆ ಜ್ಞಾಪಕ ಬಂತು ಸ್ವಾಮಿ. ಈ ಜಾಗದಾಗೆ ಎಷ್ಟು ನೀರು ಬಿಟ್ರೂ ಬೇಸಿಗೆ ಬಂತಂದ್ರೆ ಹುಲ್ಲು ಮೊದಲು ಒಣಗೋದು ಇಲ್ಲೇ. ಒಂದೇ ಸಮ ಗೆರೆ ಹೊಡೆದಂಗೆ ಒಣಗ್ತದೆ. ಕೆಳಗೆ ಕಲ್ಲು ಐತೆ ಅಂತ ಕಾಣ್ತದೆ” ಎಂದು ಬೆರಳಿನಿಂದ ತೋರಿಸಿದ. ಬಗ್ಗಿ ನೋಡಿದೆ. ಫಾಲ್ಗುಣದ ಬಿಸಿಲು ಆಗಷ್ಟೆ ಏರುತ್ತಿತ್ತು. ಹಸುರಿನ ನಡುವೆ ಮಾಸಲು ಹಳದಿಯ ಒಂದು ಗೆರೆ, ಅದಕ್ಕೆ ಅಡ್ಡಲಾಗಿ ಇನ್ನೊಂದು, ಹೀಗೆ ಕಟ್ಟಡದ ಪಾಯ ನೆಲದ ಮೇಲೆ ಮೂಡಿತ್ತು. ಮಾಲಿಯೂ ನಾನೂ ಆ ಗೆರೆಯನ್ನು ಹಿಡಿದು ನಡೆದೆವು. ಉದ್ದಕ್ಕೆ ಇಪ್ಪತ್ತೊಂದು ಹೆಜ್ಜೆ, ಅಗಲಕ್ಕೆ ಹದಿಮೂರು. ಜಗಲಿಯ ಗೆರೆ ಎಲ್ಲಿ ಮುರಿದಿತ್ತೋ ಅದು ಬಾಗಿಲಿಗೆ ಹತ್ತುವ ಮೆಟ್ಟಿಲಿದ್ದ ಜಾಗ. ಅದರ ಎಡಮಗ್ಗುಲಿಗೆ ಬಂದು ಸ್ವಲ್ಪ ಹೊತ್ತು ನಿಂತೆ. ಜೇಬಿನಲ್ಲಿದ್ದ ಕಾಗದದ ಮೇಲೆ ಆ ಅಳತೆಯನ್ನೂ ಅಂದಿನ ತಾರೀಖನ್ನೂ ಬರೆದುಕೊಂಡೆ. ಹೆಸರಿಗೆಂದು ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಆ ಊರಿನಲ್ಲಿ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಒಂದು ಹಳೆಯ ಪಟವೋ ಆಹ್ವಾನಪತ್ರಿಕೆಯೋ ಉಳಿದಿದ್ದರೆ, ಅದನ್ನು ಕಂಡವರು ಆ ಸಾಲನ್ನು ತುಂಬಬಹುದು.